ರೊಟ್ಟಿ ಡಬ್ಬಿ ಮತ್ತು ಕರ್ತನ ಮೇಜು

ಡಬ್ಬಿಯ ಪ್ರಯಾಣ

ವಿಮಾನದ ಕಿಟಕಿಯಲ್ಲಿ ಏನೇನು ಕಂಡಿತು ಎಂದು ಆದವಾನಿಯಲ್ಲಿ ಸಿಕ್ಕವರೆಲ್ಲ ಕೇಳಿದರು. ನನಗೆ ಏನೂ ಕಾಣಲಿಲ್ಲ. ನನ್ನ ಗಮನವೆಲ್ಲ ತೊಡೆಯ ಮೇಲಿದ್ದ ರೊಟ್ಟಿ ಡಬ್ಬಿಯ ಮೇಲಿತ್ತು. ನಮ್ಮಕ್ಕ ಒಲೆಯ ಮುಂದೆ ಕೂತು ಬೆವರು ಸುರಿಸಿ ಬಡಿದ ಜೋಳದ ಖಡಕ್ ರೊಟ್ಟಿ ಅವು. ಹಪ್ಪಳದಷ್ಟು ತೆಳ್ಳಗೆ, ಎಷ್ಟು ದಿನ ಇಟ್ಟರೂ ಕೆಡದವು. ಡಬ್ಬಿಯನ್ನು ಮೇಲಿಟ್ಟರೆ ಯಾರೋ ಪೆಟ್ಟಿಗೆ ತಂದು ಒತ್ತುತ್ತಾರೆ, ಕೆಳಗಿಟ್ಟರೆ ಯಾರೋ ಕಾಲು ತಾಗಿಸುತ್ತಾರೆ. ಹೀಗಾಗಿ ಕೂಸನ್ನು ಎತ್ತಿಕೊಂಡಂತೆ ಅದನ್ನು ಹಿಡಿದುಕೊಂಡೇ ಸಮುದ್ರ ದಾಟಿದೆ.

ಮುಂಬೈಯಲ್ಲಿ ತಪಾಸಣೆಯವನು ಡಬ್ಬಿ ತೆಗೆಸಿದ. ಒಂದು ರೊಟ್ಟಿಯನ್ನು ಬೆರಳಿನಿಂದ ಟಕಟಕ ಬಡಿದು ನೋಡಿ, ಇದು ಯಾವ ಯಂತ್ರದ ಭಾಗ ಎಂದು ಕೇಳಿದ. ನಮ್ಮ ಕಾಗದಪತ್ರದಲ್ಲಿ ಮೆಷಿನ್ ಫಿಟ್ಟರ್ ಎಂದಿತ್ತಲ್ಲ, ಅದಕ್ಕೆ. ಪಕ್ಕದಲ್ಲಿದ್ದ ದೇವದಾನ ಬಿದ್ದು ಬಿದ್ದು ನಕ್ಕ.

ದೇವದಾನ ನನ್ನ ಜೊತೆಗಾರ. ತೆಲುಗು ಗಡಿಯ ಊರು ಆದವಾನಿಯಲ್ಲಿ, ಹತ್ತಿಯಿಂದ ಬೀಜ ಬಿಡಿಸುವ ಒಂದೇ ಜಿನ್ನಿಂಗ್ ಮಿಲ್ಲಿನಲ್ಲಿ ಇಬ್ಬರೂ ಫಿಟ್ಟರುಗಳು. ನಾನು ದೇವನಕೊಂಡದ ಕಡೆಯ ಕುರಿ ಸಾಕುವವರ ಮನೆಯವನು, ಹೆಸರು ಮಲ್ಲಯ್ಯ. ಅವನು ನನಗಿಂತ ಚಿಕ್ಕವನು, ಕ್ರೈಸ್ತ, ಭಾನುವಾರ ತಪ್ಪಿಸದವನು. ನಮ್ಮ ಮಿಲ್ಲಿನ ಹಳೆಯ ಜಿನ್ನುಗಳನ್ನು ಆಫ್ರಿಕಾದ ಮಲಾವಿ ದೇಶದ ವ್ಯಾಪಾರಿಯೊಬ್ಬ ಕೊಂಡಿದ್ದ. ಅವನ್ನು ಅಲ್ಲಿ ಕೂರಿಸಿ, ಓಡಿಸಿ ತೋರಿಸಿ ಬನ್ನಿ ಎಂದು ನಮ್ಮಿಬ್ಬರನ್ನು ಕಳಿಸಿದ್ದರು. ನಾನು ಸ್ವಲ್ಪ ಮುಂಗೋಪಿ, ಅವನು ತಣ್ಣನೆಯವನು, ಜೋಡಿ ಸರಿಹೋಗುತ್ತದೆ ಎಂದು ಮಾಲೀಕರ ಲೆಕ್ಕಾಚಾರ.

ನದಿಯ ಆಚೆ ದಡ

ಮಲಾವಿಯ ದಕ್ಷಿಣದಲ್ಲಿ ಶಿರೆ ಎಂಬ ನದಿ ಇದೆ. ಅದರ ಬಯಲಿಗೆ ಇಳಿದಾಗ ಮೈಗೆ ಬಡಿದ ಝಳ ನಮ್ಮೂರಿನದೇ ಅನ್ನಿಸಿತು. ಅದೇ ಎರೆ ಮಣ್ಣು, ಅದೇ ಹತ್ತಿ, ಗುಂಪುಗುಂಪಾಗಿ ಅದೇ ಆಡುಗಳು. ನದಿಯೊಂದು ಮಾತ್ರ ನಮ್ಮದಲ್ಲ. ನಮ್ಮ ಹಳ್ಳದಲ್ಲಿ ನೀರೇ ಅಪರೂಪ, ಅಲ್ಲಿ ನೀರಿನ ಜೊತೆ ಮೊಸಳೆ ಬೇರೆ.

ದೋಣಿಯಲ್ಲಿ ದಾಟುವಾಗ ಮೊಸಳೆ ನೋಡಲು ಬಗ್ಗಿದ ದೇವದಾನನ ಅಂಗಿಯ ಜೇಬಿನಿಂದ ಫೋನು ನೀರಿಗೆ ಬಿತ್ತು. "ಹೋತಲ್ಲಣ್ಣಾ!" ಎಂದು ತಲೆ ಮೇಲೆ ಕೈ ಹೊತ್ತು ಕೂತ.

"ಫಿಕರ್ ಮಾಡಬ್ಯಾಡ. ನಿನ್ನ ಹೆಂಡ್ತಿ ಫೋನ್ ಮಾಡಿದ್ರ ಮೊಸಳಿ ಎತ್ತತೈತಿ" ಅಂದೆ.

ನಮಗೆ ಉಳಿಯಲು ಕೊಟ್ಟದ್ದು ಜಿನ್ನಿನ ಸ್ಟೋರ್ ನೋಡಿಕೊಳ್ಳುವ ಜೋಸೆಫ್ ಎಂಬುವನ ಮನೆಯ ಒಂದು ಕೋಣೆ. ಅವನು ಆ ಹಳ್ಳಿಯ ಚರ್ಚಿನ ಹಿರಿಯ ಕೂಡ. ನಮ್ಮ ಮುರುಕು ಇಂಗ್ಲಿಷು ಅವನಿಗೆ ತಿಳಿಯುತ್ತಿತ್ತು. ಅವನ ಹೆಂಡತಿ ಎಸ್ತೇರಳಿಗೆ ಇಂಗ್ಲಿಷು ಬಾರದು. ಅವಳು ಏನನ್ನಾದರೂ ಕೊಡುವ ಮುಂಚೆ, ತೆಗೆದುಕೊಳ್ಳುವ ಮುಂಚೆ, ಅಂಗೈ ಬೊಗಸೆ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟುತ್ತಿದ್ದಳು. ಅಲ್ಲಿ ಎಲ್ಲರಿಗೂ ಅದೇ ನಮಸ್ಕಾರ.

ಊಟಕ್ಕೆ ಮೊದಲು ಅವಳೇ ಚೊಂಬಿನಿಂದ ನಮ್ಮ ಕೈಗೆ ನೀರು ಹಾಕಿದಳು. ಆಮೇಲೆ ಬಂತು ಬಿಳಿ ಮುದ್ದೆ, ನ್ಸಿಮಾ ಅನ್ನುತ್ತಾರೆ, ನಮ್ಮ ಸಂಗಟಿಯ ಅಣ್ಣನೋ ತಮ್ಮನೋ. ದಿನವೂ ಮೆಕ್ಕೆಜೋಳದ್ದು, ಆಗೀಗ ನಮ್ಮ ಜೋಳದ್ದೂ ಉಂಟು. ತೊಂದರೆ ಏನೆಂದರೆ ಒಂದೇ ತಟ್ಟೆ. ಸುತ್ತ ಕೂತ ಎಲ್ಲರ ಕೈಯೂ ಅದರೊಳಗೆ. ನಾನು ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವ ಊರಿನವನು. ಎಂಜಲು ಅನ್ನುವ ಮಾತನ್ನು ಜೋಸೆಫನಿಗೆ ವಿವರಿಸಲು ಹೋಗಿ ಸೋತೆ. ಅವನು ಬಹಳ ಯೋಚಿಸಿ, "ಯಾರಿಗಾದರೂ ಕಾಯಿಲೆಯೇ?" ಎಂದು ಕೇಳಿದ. ನಾನು ತಟ್ಟೆಯ ನನ್ನ ಕಡೆಯ ಅಂಚನ್ನು ಕಾಯ್ದುಕೊಂಡು ಉಂಡೆ. ಕೋಣೆಗೆ ಬಂದು ಡಬ್ಬಿ ತೆಗೆದು ಒಂದು ರೊಟ್ಟಿ ಮುರಿದು, ಶೇಂಗಾ ಪುಡಿ ಹಚ್ಚಿ ತಿಂದ ಮೇಲೆಯೇ ಊಟವಾಯಿತು ಅನ್ನಿಸಿದ್ದು.

ಹುತ್ತದ ಮೇಲೆ

ಆ ಹಳ್ಳಿಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಕಡೆ, ಊರಾಚೆಯ ದೊಡ್ಡ ಹುತ್ತದ ಮೇಲೆ. ಮನೆಯೆತ್ತರದ ಹುತ್ತ ಅದು. ನಾವು ಹಾಲೆರೆದು ಕೈಮುಗಿಯುವ ಜಾಗವನ್ನು ಅವರು ತುಳಿದು ಹತ್ತಿ ಮಾತಾಡುತ್ತಾರೆ. ನನಗೆ ಮನಸ್ಸು ಒಪ್ಪಲಿಲ್ಲ. ಪ್ರತಿ ಸಲವೂ ಚಪ್ಪಲಿ ಕೆಳಗೆ ಬಿಟ್ಟು, ಮನಸ್ಸಿನಲ್ಲೇ ತಪ್ಪಾಯಿತು ಅಂದುಕೊಂಡು ಹತ್ತುತ್ತಿದ್ದೆ. ಎರಡು ದಿನದಲ್ಲಿ ಅಲ್ಲಿಯ ಹುಡುಗರೂ ಚಪ್ಪಲಿ ಬಿಡತೊಡಗಿದರು, ಅದು ಸಿಗ್ನಲ್ಲಿಗೆ ಒಳ್ಳೆಯದಿರಬೇಕು ಎಂದುಕೊಂಡು!

ದೇವದಾನನ ಹೆಂಡತಿ ಶಾಂತಮ್ಮನ ವಾಯ್ಸ್ ಮೆಸೇಜು ಅಲ್ಲಿಗೇ ಬಂತು, ನನ್ನ ಫೋನಿಗೆ. ಅವಳ ಹೊಟ್ಟೆಯಲ್ಲಿ ಗಡ್ಡೆ ಇರುವುದು ಮೊದಲೇ ಗೊತ್ತಿತ್ತು. ಈಗ ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತು ಮಾಡಿದ್ದರು, ಬರುವ ಸೋಮವಾರ, ಕರ್ನೂಲಿನಲ್ಲಿ. "ನೀವು ಓಡಿ ಬರಾಕ ಹೋಗಬ್ಯಾಡ್ರಿ. ತಮ್ಮ ಅದಾನ, ಮಗಳು ಸುಗುಣ ಅದಾಳ. ಆದ್ರ ಭಾನುವಾರ ನಾ ಇಲ್ಲಿ ಬಲ್ಲ ತೊಗೊಂತೀನಿ, ನೀವು ಅಲ್ಲಿ ತೊಗೋರಿ. ಇಬ್ರೂ ಕೂಡಿ ತೊಗೊಂಡಂಗ ಆಕ್ಕೈತಿ. ಆಮ್ಯಾಲ ನನಗ ಅಂಜಿಕಿ ಇರಂಗಿಲ್ಲ."

ಬಲ್ಲ ಅಂದರೆ ತೆಲುಗಿನಲ್ಲಿ ಮೇಜು. ನಮ್ಮ ಕಡೆ ಕ್ರೈಸ್ತರು ಕರ್ತನ ಮೇಜಿಗೆ, ಅಂದರೆ ಚರ್ಚಿನಲ್ಲಿ ತಿಂಗಳ ಮೊದಲ ಭಾನುವಾರ ರೊಟ್ಟಿಯ ತುಣುಕು, ದ್ರಾಕ್ಷಿ ರಸ ಹಂಚಿಕೊಳ್ಳುವುದಕ್ಕೆ, ಬಲ್ಲ ತೊಗೊಳೋದು ಅನ್ನುತ್ತಾರೆ. ಇಷ್ಟು ವರ್ಷ ಕೇಳಿದ್ದರೂ ಅದೇನೆಂದು ನಾನು ವಿಚಾರಿಸಿರಲಿಲ್ಲ. ಆ ದಿನ ಹುತ್ತದ ಮೇಲೆ ಕೂತು ವಿಚಾರಿಸಿದೆ.

"ಸಾಯೋ ಹಿಂದಿನ ರಾತ್ರಿ ಆತ ತನ್ನವರನ್ನ ಕೂಡಿಸಿಕೊಂಡು ಉಂಡ, ಮಲ್ಲಣ್ಣಾ. ರೊಟ್ಟಿ ಮುರದು, ಇದು ನನ್ನ ಶರೀರ ಅಂದ. ಬಟ್ಲಾ ಕೊಟ್ಟು, ಇದು ನನ್ನ ರಕ್ತ ಅಂದ. ನನ್ನ ನೆನಪಿಗೆ ಹಿಂಗ ಮಾಡ್ಕೊಂತ ಹೋಗ್ರಿ ಅಂದ."

"ಆ ಚೂರು ತಿಂದ್ರ ಹೊಟ್ಟಿ ತುಂಬತೈತೇನು?"

"ಹೊಟ್ಟೀಗಲ್ಲಪಾ ಅದು. ಆದವಾನ್ಯಾಗ ಆಕಿ ತಿಂದದ್ದು, ಇಲ್ಲಿ ನಾ ತಿಂದದ್ದು ಒಂದಾ ರೊಟ್ಟಿ. ಒಂದಾ ಪಂಕ್ತಿ. ನಡುವ ಸಮುದ್ರ ಇದ್ರೂ ಲೆಕ್ಕಕ್ಕಿಲ್ಲ."

ಕುರಿ ಕಡಿದ ದಿನ ನಮ್ಮ ಮನೆಯಿಂದಲೂ ಊರಿನ ಎಲ್ಲ ಮನೆಗೂ ಪಾಲು ಹೋಗಬೇಕು. ಮಾತು ಬಿಟ್ಟ ಮನೆಗೂ ಹೋಗಬೇಕು, ಬೇರೆ ಯಾರದಾದರೂ ಕೈಯಲ್ಲಿ. ಇದನ್ನು ಹೇಳಿದೆ. ದೇವದಾನ ತಲೆ ತೂಗಿ, ಸ್ವಲ್ಪ ಹಂಗ, ಸ್ವಲ್ಪ ಹಂಗಲ್ಲ ಅಂದ.

ಅವನ ಅದೃಷ್ಟಕ್ಕೆ ಆ ಭಾನುವಾರವೇ ಆ ಹಳ್ಳಿಗೂ ಪಾದ್ರಿ ಬರುವವರಿದ್ದರು. ಒಬ್ಬ ಪಾದ್ರಿಗೆ ಎಷ್ಟೋ ಹಳ್ಳಿ, ಒಮ್ಮೆ ಬಂದು ಹೋದರೆ ಮತ್ತೆ ಬರಲು ತಿಂಗಳುಗಳೇ ಬೇಕು. ದೇವದಾನ ಆಗಿನಿಂದಲೇ ತನ್ನ ಬಿಳಿ ಅಂಗಿಯನ್ನು ಒಗೆದು ಮಡಿಸಿಟ್ಟ.

ಎಸ್ತೇರಳ ಅಂಗಳ

ಬುಧವಾರ ಸಂಜೆ ನಾನು ಜಿನ್ನಿನಿಂದ ಸೋತು ಬಂದೆ. ಚರ್ಮದ ರೋಲರು ಇಡೀ ದಿನ ಕಾಟ ಕೊಟ್ಟಿತ್ತು. ದೇವದಾನ ಮುಂಚೆಯೇ ಮನೆಗೆ ಬಂದಿದ್ದ. ಅಂಗಳಕ್ಕೆ ಕಾಲಿಟ್ಟರೆ ಕಟಕಟ ಎಂಬ ಸದ್ದು. ನೋಡುತ್ತೇನೆ, ಓಣಿಯ ಮಕ್ಕಳೆಲ್ಲ ಸಾಲಾಗಿ ಕೂತಿವೆ, ಎಲ್ಲರ ಕೈಯಲ್ಲೂ ನಮ್ಮಕ್ಕನ ರೊಟ್ಟಿ. ನಡುವೆ ನನ್ನ ಡಬ್ಬಿ ಬಾಯಿ ತೆರೆದು ಬಿದ್ದಿದೆ, ಒಳಗೆ ಪುಡಿ ಬಿಟ್ಟರೆ ಏನಿಲ್ಲ.

"ಇದೇನಲೇ ದೇವದಾನಾ?"

"ಅಣ್ಣಾ, ಜೋಳದಾಗ ರೊಟ್ಟಿ ಆಕ್ಕೈತಂತ ಈ ಎಸ್ತೇರಗ ಗೊತ್ತಾ ಇಲ್ಲ. ಇಲ್ಲಿ ಜೋಳ ಅಂದ್ರ ಮುದ್ದಿ, ಇಲ್ಲಾ ಹೆಂಡ. ತೋರಿಸೋಣಂತ ಒಂದು ತಗದೆ. ಅಷ್ಟರಾಗ ಕೂಸುಗಳು ಬಂದ್ವು. ಕೈ ಚಾಚಿದ ಕೂಸಿನ ಮುಂದ ಡಬ್ಬಿ ಮುಚ್ಚಂತೀಯೇನು?"

ಈಗ ಯೋಚಿಸಿದರೆ ಅವನ ಮಾತಿನಲ್ಲಿ ತಪ್ಪೇನಿಲ್ಲ. ಆಗ ನನ್ನ ನೆತ್ತಿ ಕಾದಿತ್ತು. "ಕಂಡೋರ ಡಬ್ಬಿ ಹಂಚಾಕ ನಿನಗೇನು? ಹಂಚೋದು, ಬೇಡೋದು ನಿಮ್ಮ ಮಂದಿಗೆ ರೂಢಿ ಬಿಡು!" ಅಂದುಬಿಟ್ಟೆ.

ದೇವದಾನನ ಮುಖ ಸಣ್ಣದಾಯಿತು. ಅವನು ಜೋರಾಗಿ ಮಾತಾಡುವವನಲ್ಲ. ಮೆಲ್ಲಗೆ, "ನಿನ್ನ ರೊಟ್ಟಿ ದೊಡ್ಡದೈತಿ ಮಲ್ಲಣ್ಣಾ, ಮನಸು ಸಣ್ಣದು" ಅಂದು ಎದ್ದು ಹೋದ. ಮಕ್ಕಳು ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದವು. ಎಸ್ತೇರ್ ಖಾಲಿ ಡಬ್ಬಿಯನ್ನು ಎತ್ತಿ, ತನ್ನ ಬಟ್ಟೆಯಿಂದ ಒರೆಸಿ, ಚಪ್ಪಾಳೆ ತಟ್ಟಿ ನನ್ನ ಕೈಗಿತ್ತಳು.

ಅಲ್ಲಿಂದ ನಮಗೆ ಮಾತಿಲ್ಲ. ಜಿನ್ನಿನ ಗದ್ದಲದಲ್ಲಿ ಹೇಗೂ ಕೈಸನ್ನೆಯಲ್ಲೇ ಕೆಲಸ ನಡೆಯುವುದರಿಂದ ಯಾರಿಗೂ ಗೊತ್ತಾಗಲಿಲ್ಲ. ಅವನು ಸ್ಪ್ಯಾನರ್ ಚಾಚಿದರೆ ನಾನು ಬೇರೆ ಕಡೆ ನೋಡುತ್ತ ತೆಗೆದುಕೊಳ್ಳುತ್ತಿದ್ದೆ. ತಪ್ಪು ಅವನದು, ಅವನೇ ಮೊದಲು ಮಾತಾಡಲಿ ಎಂದು ನಾನು ಬಿಗಿದುಕೊಂಡೇ ಇದ್ದೆ.

ಶನಿವಾರ ಜೋಸೆಫ್ ಇನ್ನೊಬ್ಬ ಹಿರಿಯನ ಜೊತೆ ಮನೆಮನೆಗೆ ತಿರುಗುತ್ತ ನಮ್ಮ ಕೋಣೆಗೂ ಬಂದ. ಬಂದವನೇ, "ನೀವು ಯಾರ ಜೊತೆ ಉಣ್ಣುತ್ತಿಲ್ಲ?" ಎಂದು ಕೇಳಿದ. ಅತಿಥಿಗಳ ಊಟದ ವಿಚಾರಣೆ ಎಂದುಕೊಂಡು ನಾನು, ಊಟ ಬಹಳ ಚೆನ್ನಾಗಿದೆ, ಹೊಟ್ಟೆಯೂ ಸರಿಯಾಗಿದೆ ಅಂದೆ. ದೇವದಾನ ನೆಲ ನೋಡುತ್ತ ಕೂತಿದ್ದ.

ಭಾನುವಾರ, ಮರದ ಕೆಳಗೆ

ಬೆಳಿಗ್ಗೆ ಮನೆಯ ಸುದ್ದಿಗೆಂದು ನಾನೊಬ್ಬನೇ ಹುತ್ತ ಹತ್ತಿದೆ. ಶಾಂತಮ್ಮನ ಇನ್ನೊಂದು ಮೆಸೇಜು ಬಂದಿತ್ತು, ಆದವಾನಿಯಲ್ಲಿ ಆಗಲೇ ಮಧ್ಯಾಹ್ನ. "ಮಲ್ಲಣ್ಣಾ, ಅವರಿಗೆ ಹೇಳ್ರಿ, ನಂದು ಬಲ್ಲ ಆತು. ಅವರದ್ದು ಆದಮ್ಯಾಲ ಒಂದು ಮಾತು ಹಾಕ್ರಿ. ಈಗ ಕರ್ನೂಲಿನ ಬಸ್ಸಿಗೆ ಹೊಂಟೀವಿ. ಅವರ ಮಾತು ಕೇಳಿ ನಾಳೆ ಆಪರೇಷನ್ನಿಗೆ ಒಳಗ ಹೋಗ್ತೀನಿ." ಹಿಂದೆ ಬಸ್ ಸ್ಟ್ಯಾಂಡಿನ ಗದ್ದಲ. ಅದನ್ನು ಅವನಿಗೆ ಕೇಳಿಸಬೇಕಲ್ಲ, ಚರ್ಚಿಗೆ ಹೋದೆ. ಇಟ್ಟಿಗೆ ಗೋಡೆ, ತಗಡಿನ ಮಾಡು, ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಫೋನನ್ನು ಅವನ ಕಿವಿಗೆ ಹಿಡಿದೆ, ಮಾತಾಡದೆ. ಅವನು ಕೇಳಿ ತಲೆಯಾಡಿಸಿದ, ಮಾತಾಡದೆ. ನಾನು ಬಾಗಿಲ ಬಳಿ ಕೂತೆ.

ಹಾಡು, ಪ್ರಾರ್ಥನೆ ಎಲ್ಲ ಆಯಿತು. ಮೇಜಿನ ಮೇಲೆ ಪೇಟೆಯಿಂದ ತಂದ ಒಂದು ಬ್ರೆಡ್ಡು, ಒಂದು ಲೋಹದ ಬಟ್ಟಲು. ಆಗ ಜೋಸೆಫ್ ಎದ್ದು ಏನೋ ಕೂಗಿ ಕೇಳಿದ. ಒಬ್ಬ ಮುದುಕನೂ ಅವನ ಅಳಿಯನೂ ಎದ್ದು ಹೊರಗೆ ಹೋದರು. ಇಬ್ಬರು ಹೆಂಗಸರು ಹೋದರು. ಏನಿದು ಎಂದು ನಾನು ಬಾಗಿಲಿನಿಂದ ಇಣುಕಿದೆ. ಹೊರಗೆ ಆನೆಯಷ್ಟು ದಪ್ಪದ ಬಾವೊಬಾಬ್ ಮರ. ಅದರ ಕೆಳಗೆ ಎಸ್ತೇರ್ ಒಂದು ತಟ್ಟೆ ಮುದ್ದೆ ಇಟ್ಟುಕೊಂಡು ಕೂತಿದ್ದಾಳೆ. ಜಗಳವಾಡಿದವರು ಅದರಿಂದ ಒಂದು ತುತ್ತು ಮುರಿದು ಎದುರಿನವರ ಕೈಗಿಡುತ್ತಾರೆ, ತಿನ್ನುತ್ತಾರೆ, ಒಳಗೆ ಬರುತ್ತಾರೆ. ಒಬ್ಬರು ಬಾಕಿ ಉಳಿದರೂ ಮೇಜು ಮುಟ್ಟುವಂತಿಲ್ಲ, ಎಲ್ಲರೂ ಕಾಯಬೇಕು. ಶನಿವಾರದ ಪ್ರಶ್ನೆ ನನಗೆ ಈಗ ತಿಳಿಯಿತು.

ಜೋಸೆಫ್ ಮತ್ತೊಮ್ಮೆ ಕೇಳಿದ. ಯಾರೂ ಏಳಲಿಲ್ಲ. ಆಗ ದೇವದಾನ ಎದ್ದು ನಿಂತು ಇಂಗ್ಲಿಷಿನಲ್ಲಿ, "ನಾನು ಮತ್ತು ಅವನು. ಸರಿಯಿಲ್ಲ" ಅಂದು ನನ್ನ ಕಡೆ ಕೈ ತೋರಿಸಿದ. ಇಡೀ ಚರ್ಚು ಹಿಂದಕ್ಕೆ ತಿರುಗಿ ನನ್ನನ್ನು ನೋಡಿತು. ಅಯ್ಯೋ ಶಿವನೇ, ಅಂಥ ನಾಚಿಕೆ ಜನ್ಮದಲ್ಲಿ ಆಗಿರಲಿಲ್ಲ.

ಇಬ್ಬರೂ ಮರದ ಕೆಳಗೆ ಬಂದೆವು, ಜೋಸೆಫನೂ ಬಂದ. ಒಳಗೆ ಕಾಯುವವರು ಹಾಡು ಎತ್ತಿಕೊಂಡರು.

"ಏನಲೇ ಇದು? ಜಗಳ ಇಲ್ಲಂತ ಹೇಳು, ಹೋಗಿ ತೊಗೊ. ಅಲ್ಲಿ ನಿನ್ನ ಹೆಂಡ್ತಿ ಕಾಯಾಕತ್ಯಾಳ" ಅಂದೆ.

"ಬಾಯಿಲೆ ಹೇಳಿದ್ರ ಜಗಳ ಹೋಗಂಗಿಲ್ಲ."

"ನಾ ನಿಮ್ಮ ಚರ್ಚಿನಾವನೇ ಅಲ್ಲ. ನನಗ ಆ ರೊಟ್ಟಿ ಕೊಡೂದೂ ಇಲ್ಲ. ನಾನ್ಯಾಕ ಅಡ್ಡ ಬರ್ತೀನಿ?"

"ಬಲ್ಲಕ್ಕ ನೀ ಹೊರಗಿನಾವ ಮಲ್ಲಣ್ಣಾ. ಜಗಳಕ್ಕ ಹೊರಗಿನಾವ ಅಲ್ಲಲ್ಲ."

ನನಗೆ ಸಿಟ್ಟು ಏರಿತು. ವಾದಕ್ಕೆ ಒಂದು ಎಳೆ ಸಿಕ್ಕಿತು ಬೇರೆ. "ಆ ರಾತ್ರಿ ನಿಮ್ಮ ಕರ್ತನ್ನ ಹಿಡಿದುಕೊಟ್ಟಾವ ಎಲ್ಲಿದ್ದ?"

"ಪಂಕ್ತಿಯಾಗಾ ಕುಂತಿದ್ದ. ಆತನ ಜೊತೀಗೇ ಕೈ ಅದ್ದಿ ಉಂಡ."

"ನೋಡು ಮತ್ತ! ಅಂಥಾವ್ನ ಜೊತಿ ಆತ ಉಂಡಾನ. ನನ್ನ ಜೊತಿ ಎರಡು ಮಾತು ಬಂದದ್ದಕ್ಕ ನಿನ್ನ ಬಲ್ಲ ನಿಂತು ಹೋತೇನು?"

ದೇವದಾನ, "ಆತ ಉಂಡ, ಖರೆ. ನಾ ಆತನಷ್ಟು ದೊಡ್ಡಾವಲ್ಲಪಾ. ನೀ ಅಂದ ಮಾತು ಇಲ್ಲಿ ಚುಚ್ಚಾಕತ್ತೈತಿ. ಅದನ್ನ ಒಳಗ ಇಟ್ಟುಕೊಂಡು ಅದರ ಮ್ಯಾಲ ಆ ರೊಟ್ಟಿ ಹ್ಯಾಂಗ ಹಾಕ್ಲಿ?" ಎಂದು ಎದೆ ಮುಟ್ಟಿಕೊಂಡ. ಅವನ ಕಣ್ಣು ತುಂಬಿತ್ತು.

ಒಳಗೆ ಹಾಡು ಮುಗಿಯಿತು. ಕಿಟಕಿಯಲ್ಲಿ ತಲೆಗಳು ಕಂಡವು. ನಾವು ಇನ್ನೂ ನಿಂತಿದ್ದನ್ನು ನೋಡಿ ಇನ್ನೊಂದು ಹಾಡು ಶುರುವಾಯಿತು. ಪಾದ್ರಿ ಬಾಗಿಲಿಗೆ ಬಂದು ಬಿಸಿಲು ನೋಡಿದರು, ಅವರಿಗೆ ಮುಂದಿನ ಹಳ್ಳಿಗೆ ದೋಣಿ ಹಿಡಿಯಬೇಕಿತ್ತು. ನನಗೆ ಶಾಂತಮ್ಮ ಬಸ್ಸಿನಲ್ಲಿ ಫೋನು ಕೈಯಲ್ಲಿ ಹಿಡಿದು ಕೂತಿರುವುದು ಕಣ್ಣಿಗೆ ಕಟ್ಟಿತು. ಆದರೂ ನಾನು ಬಗ್ಗಲಿಲ್ಲ. ಎಂಥ ಹಟ ನನ್ನದು!

ಎಸ್ತೇರ್ ನಮ್ಮಿಬ್ಬರನ್ನೂ ನೋಡಿದಳು. ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಎದ್ದು, ಮನೆಯ ಕಡೆ ಓಡಿದಳು. ಬಂದಾಗ ಅವಳ ಕೈಯಲ್ಲಿ ಬಟ್ಟೆ ಮುಚ್ಚಿದ ಇನ್ನೊಂದು ತಟ್ಟೆ. ಚಪ್ಪಾಳೆ ತಟ್ಟಿ, ಬಟ್ಟೆ ತೆಗೆದಳು.

ಅದು ರೊಟ್ಟಿ. ರೊಟ್ಟಿ ಅನ್ನಬಹುದಾದ ಒಂದು ವಸ್ತು. ಬೆರಳು ದಪ್ಪ, ಅಂಚೆಲ್ಲ ಸೀಳಿ ಹೋಗಿದೆ, ಒಂದು ಕಡೆ ಕರಿ, ಇನ್ನೊಂದು ಕಡೆ ಹಸಿ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದದಿದ್ದರೆ ಜಿಗಿ ಬರುವುದಿಲ್ಲ, ಅದು ಅವಳಿಗೆ ಹೇಗೆ ಗೊತ್ತಿರಬೇಕು?

ಜೋಸೆಫ್ ಹೇಳಿದ, "ಬುಧವಾರದಿಂದ ಮಾಡುತ್ತಿದ್ದಾಳೆ. ಮಕ್ಕಳು ನಿಮ್ಮ ಬ್ರೆಡ್ಡು ತಿಂದವು, ಅದಕ್ಕೇ ನೀವಿಬ್ಬರೂ ಮಾತು ಬಿಟ್ಟಿರಿ, ತಿರುಗಿ ಕೊಡಬೇಕು ಅನ್ನುತ್ತಾಳೆ. ಮೊದಲು ಮಾಡಿದ್ದನ್ನು ಆಡೂ ಮೂಸಲಿಲ್ಲ. ಇದು ಪರವಾಗಿಲ್ಲವಂತೆ."

ನನಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು. ಸುಳ್ಳು ಯಾಕೆ ಹೇಳಲಿ, ಅತ್ತೆ. ನಮ್ಮ ಹಳ್ಳಿಯಲ್ಲಿ ಜಗಳವಾದರೆ ಆ ಮನೆಯ ನೀರು ಮುಟ್ಟುವುದಿಲ್ಲ ಅನ್ನುತ್ತೇವೆ. ಈ ಹೆಂಗಸು ತನ್ನದಲ್ಲದ ಜಗಳಕ್ಕೆ ನಾಲ್ಕು ದಿನ ಕೈ ಸುಟ್ಟುಕೊಂಡಿದ್ದಳು. ಬೆರಳ ತುದಿಯಲ್ಲಿ ಗುಳ್ಳೆ ಎದ್ದದ್ದು ಕಾಣುತ್ತಿತ್ತು.

ರೊಟ್ಟಿ ಮುರಿಯಲು ಹೋದೆ, ಅದು ಮುರಿಯದೆ ಮೆತ್ತಗೆ ಕಿತ್ತುಕೊಂಡು ಬಂತು. ಆ ತುಂಡನ್ನು ದೇವದಾನನ ಕೈಗೆ ಇಟ್ಟೆ. "ನಿಮ್ಮ ಮಂದಿ ಅಂದೆನಲ್ಲ, ಆ ಮಾತು ಹೊಲಸು ಮಾತು. ನಾ ಅನ್ನಬಾರದಿತ್ತು. ತಪ್ಪಾತಪಾ."

"ನಿನ್ನ ಡಬ್ಬಿ ಕೇಳದಾ ತೆಗೀಬಾರದಿತ್ತು. ನಂದೂ ತಪ್ಪಾತಣ್ಣಾ" ಎಂದು ಅವನು ತನ್ನ ತುಂಡಿನಲ್ಲೇ ಅರ್ಧ ಕಚ್ಚಿ, ಉಳಿದದ್ದನ್ನು ನನ್ನ ಕೈಗಿಟ್ಟ. ಗಡಿಬಿಡಿಯಲ್ಲಿ ಹಾಗಾಯಿತು. ನಾನು ಅದನ್ನು ಬಾಯಿಗೆ ಹಾಕಿಕೊಂಡೆ. ಎಂಜಲು ಎಂಬುದು ನೆನಪಾದದ್ದು ನುಂಗಿದ ಮೇಲೆ. ಹಿಟ್ಟು ಅಂಗುಳಕ್ಕೆ ಅಂಟಿಕೊಂಡಿತು, ಇಬ್ಬರೂ ನಾಲಿಗೆಯಿಂದ ಬಿಡಿಸಿಕೊಳ್ಳುತ್ತ ಒಳಗೆ ಹೋದೆವು. ಹಾಡು ಅಲ್ಲಿಗೆ ನಿಂತಿತು.

ಪಾದ್ರಿ ಬ್ರೆಡ್ಡನ್ನು ಎತ್ತಿ ಮುರಿದರು. ಬಟ್ಟಲಿನಲ್ಲಿದ್ದದ್ದು ದ್ರಾಕ್ಷಿ ರಸವಲ್ಲ, ನಮ್ಮ ಪುಂಡಿ ಸೊಪ್ಪಿನ ಜಾತಿಯದೇ ಕೆಂಪು ಮೊಗ್ಗುಗಳನ್ನು ಕುದಿಸಿದ ರಸವಂತೆ. ಒಂದೇ ಬಟ್ಟಲು, ಬಾಯಿಂದ ಬಾಯಿಗೆ. ಜೋಸೆಫ್ ನಡುನಡುವೆ ಅಂಚನ್ನು ಬಟ್ಟೆಯಿಂದ ಒರೆಸುತ್ತಿದ್ದ. ಆದವಾನಿಯ ಚರ್ಚಿನಲ್ಲಿ ಒಬ್ಬೊಬ್ಬರಿಗೂ ಬೇರೆ ಪುಟ್ಟ ಬಟ್ಟಲು ಎಂದು ದೇವದಾನ ಹೇಳಿದ್ದ. ಇಲ್ಲಿ ಮುದುಕ ಕುಡಿದದ್ದನ್ನು ಅಳಿಯ ಕುಡಿದ, ಅಳಿಯ ಕುಡಿದದ್ದನ್ನು ಆ ಇಬ್ಬರು ಹೆಂಗಸರು ಕುಡಿದರು. ದೇವದಾನನ ಸರದಿ ಬಂತು. ಕಣ್ಣು ಮುಚ್ಚಿ, "ಪ್ರಭುವಾ" ಎಂದು, ಹೆಂಡತಿಯ ಹೆಸರು ಹೇಳಿ ಕುಡಿದ.

ಬಟ್ಟಲು ನನ್ನನ್ನು ದಾಟಿ ಹೋಯಿತು. ಅದು ಅವರ ನಿಯಮ, ನನಗೆ ಬೇಸರವಾಗಲಿಲ್ಲ. ನನ್ನ ಹಲ್ಲಿನ ಸಂದಿಯಲ್ಲಿ ಎಸ್ತೇರಳ ಹಿಟ್ಟು ಇನ್ನೂ ಇತ್ತು.

ಮತ್ತೆ ಹುತ್ತ

ಪಾದ್ರಿಯನ್ನು ದೋಣಿ ಹತ್ತಿಸಿ, ನೇರ ಹುತ್ತಕ್ಕೆ ಹೋದೆವು. ಚಪ್ಪಲಿ ಬಿಟ್ಟು ಹತ್ತಿದೆವು. ಫೋನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಬಾಯಿಯ ಹತ್ತಿರ ಹಿಡಿದು ಮೆಸೇಜು ಮಾತಾಡಿದ.

"ಶಾಂತಾ, ಆತು. ಈ ಸಲ ಎರಡು ಸರ್ತಿ ತೊಗೊಂಡೆ. ಒಂದು ಒಳಗ, ಎಲ್ಲಾರ ಜೊತಿ. ಅದಕ್ಕ ಮೊದಲು ಒಂದು ಹೊರಗ, ಮರದ ಕೆಳಗ, ಮಲ್ಲಣ್ಣನ ಜೊತಿ. ಹೊರಗಿಂದು ಸ್ವಲ್ಪ ಹಸಿ ಇತ್ತು. ನೀ ಅಂಜಬ್ಯಾಡ. ಹೋಗು, ದೇವರು ಅದಾನ."

ಸೋಮವಾರ ಜಿನ್ನು ಓಡಿತು. ಬೀಜ ಒಂದು ಕಡೆ, ಅರಳೆ ಒಂದು ಕಡೆ ಬಿದ್ದಾಗ ಅಲ್ಲಿಯವರು ಕುಣಿದರು. ನಮಗೆ ಕುಣಿಯಲು ಮನಸ್ಸಿರಲಿಲ್ಲ. ಕೆಲಸ ಬಿಟ್ಟವರೇ ಹುತ್ತದ ಮೇಲೆ ಕೂತೆವು, ಎಸ್ತೇರ್ ಕೆಳಗೆ ನಿಂತಳು. ಬಿಸಿಲು ಇಳಿಯಿತು. ಫೋನು ಸುಮ್ಮನಿತ್ತು. ದೇವದಾನ ನನ್ನ ಮಣಿಕಟ್ಟನ್ನು ಹಿಡಿದವನು ಬಿಡಲೇ ಇಲ್ಲ.

ಕೊನೆಗೆ ಮಗಳು ಸುಗುಣ ಅಪ್ಪನನ್ನು ಕರೆಯುವ ದನಿ ಬಂತು.

"ನಾನ್ನಾ, ಆಪರೇಷನ್ ಚಲೋ ಆತು. ಅಮ್ಮ ಕಣ್ಣು ತೆರದಾಳ. ಮೊದಲ್ನೇ ಮಾತಿಗೇ ಏನು ಕೇಳಿದ್ಲು ಗೊತ್ತೈತೇನು? ಆ ಹಸಿ ರೊಟ್ಟಿ ತಿಂದು ಮಲ್ಲಣ್ಣಗ ಹೊಟ್ಟಿ ನೋವು ಬರಲಿಲ್ಲಲ್ಲ, ಕೇಳು ಅಂದ್ಲು."